ಸಮುದ್ರ ನೋಡಿ ಬಂದ ಕಲ್ಲು

ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯ ನಡುವೆ ಸುಮಾರು ಐದು ನಿಮಿಷ ಏನು ನಡೆಯಿತೆಂಬುದು ನನಗೆ ಗೊತ್ತಿಲ್ಲ. ಆ ಐದು ನಿಮಿಷ ನಾನು ಅಲ್ಲೇ ಇದ್ದೆ, ಪೂರ್ತಿ ಎಚ್ಚರವಾಗಿದ್ದೆ, ಮೊಣಕಾಲುಮಟ್ಟ ನೀರಿನಲ್ಲಿ ನಿಂತಿದ್ದೆ. ಆದರೂ ಗೊತ್ತಿಲ್ಲ. ಆ ಹೊತ್ತಿನ ಬಗ್ಗೆ ನನ್ನ ತಲೆಯಲ್ಲಿ ಎರಡು ನೆನಪುಗಳಿವೆ. ಎರಡೂ ಸ್ಪಷ್ಟವಾಗಿವೆ, ಎರಡರಲ್ಲೂ ಬಿಸಿಲಿದೆ, ಉಪ್ಪಿನ ವಾಸನೆಯಿದೆ. ಆದರೆ ಒಂದು ನಿಜವಾಗಿದ್ದರೆ ಇನ್ನೊಂದು ಸುಳ್ಳಾಗಿರಲೇಬೇಕು.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಕೊಂಡಾಪುರದ ನಮ್ಮ ಫ್ಲ್ಯಾಟಿನಲ್ಲಿ ಶೇಂಗಾ ಹಿಂಡಿಯ ಡಬ್ಬಿ ತೆರೆದೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ ಸೇರಿಸಿ ಕುಟ್ಟಿದ ಆ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರೈಲಿನ ಮೇಲಿನ ಬರ್ತಿನಲ್ಲಿ ತಲೆ ಬಗ್ಗಿಸಿ ಕುಳಿತು ರೊಟ್ಟಿ ಮುರಿಯುತ್ತಿದ್ದೆ. ಪಕ್ಕದಲ್ಲಿ ಒಂದು ಕಲ್ಲು ಇತ್ತು. ಅಷ್ಟರಲ್ಲಿ ಫೋನ್ ಬಂತು. ಹಿಂಡಿ ಕುಟ್ಟಿ ಕಳಿಸಿದ, ನನ್ನ ಹಳೆಯ ಬಾಡಿಗೆ ಮನೆಯ ಶರಣಮ್ಮ ಕಾಕುವೇ ಮಾಡಿದ್ದರು. ಇದರಲ್ಲಿ ಪವಾಡವೇನೂ ಇಲ್ಲ. ಹಿಂದಿನ ದಿನ ಯಾರದೋ ಕೈಯಲ್ಲಿ ಡಬ್ಬಿ ಕಳಿಸಿದ್ದರು, ಮುಟ್ಟಿತೋ ಇಲ್ಲವೋ ಎಂದು ಕೇಳಲು ಮಾಡಿದ್ದರು. ಇಂಥದ್ದನ್ನೆಲ್ಲ ನಾನು ಕೂಡಲೇ ಬಿಡಿಸಿ ನೋಡಿಬಿಡುತ್ತೇನೆ. ಕೆಟ್ಟ ಚಾಳಿ.

ಹಿಂಡಿಯ ವಿಚಾರ ಮುಗಿದ ಮೇಲೆ ಕಾಕು ನಿಜವಾದ ವಿಷಯಕ್ಕೆ ಬಂದರು. ಮೊಮ್ಮಗಳು ಭೂಮಿಕಾಗೆ ವಿಶಾಖಪಟ್ಟಣದ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ, ಒಬ್ಬಳೇ ಹೋಗುತ್ತಿದ್ದಾಳೆ.

"ನಮ್ಮ ಕಲ್ಲು ಜೊತಿಗಿ ಕಳಸ್ಲತ್ತೀನಿ," ಎಂದರು ಕಾಕು. "ಅದಕ್ಕ ಆ ಊರು ಗೊತ್ತದ, ದಾರಿ ಗೊತ್ತದ. ನೀ ಬಂದು ಆಕಿಗಿ ಒಂದೆರಡು ಮಾತು ಹೇಳು."

ಚಮಚ ಕೈಯಲ್ಲೇ ನಿಂತಿತು. ಏಕೆಂದರೆ ಕಾಕು ಇಪ್ಪತ್ತು ವರ್ಷದಿಂದ ಗೂಡಿನಲ್ಲಿ ಇಟ್ಟುಕೊಂಡಿರುವ ಕಲ್ಲು ಅವರದ್ದೇ ಎಂದು ನಾನು ಆಣೆ ಮಾಡಲಾರೆ. ನನ್ನ ಎರಡು ನೆನಪುಗಳಲ್ಲಿ ಒಂದರ ಪ್ರಕಾರ, ಅವರ ಕಲ್ಲನ್ನು ನಾನು ಸಮುದ್ರದಲ್ಲಿ ಕಳೆದು, ದಂಡೆಯಲ್ಲಿ ಬಿದ್ದಿದ್ದ ಯಾವುದೋ ಕಲ್ಲನ್ನು ತಂದು ಅವರ ಕೈಗೆ ಕೊಟ್ಟಿದ್ದೇನೆ.

ನೀವು ಇದನ್ನು ತಿಳಿಯಬೇಕಾದರೆ ನನ್ನ ಜೊತೆ ಮಲ್ಕಾಜ್‌ಗಿರಿಗೆ ಬರಬೇಕು, ಅದೂ 'ಹೈಟೆಕ್' ಎಂಬ ಶಬ್ದ ಈ ಊರಿಗೆ ಹೊಸದಾಗಿ ಬಂದಿದ್ದ ಕಾಲಕ್ಕೆ. ಆಗ ಹೈಟೆಕ್ ಟಿಫಿನ್ ಸೆಂಟರ್ ಇತ್ತು, ಹೈಟೆಕ್ ಡ್ರೈಕ್ಲೀನರ್ಸ್ ಇತ್ತು, ನಾನು ಕೂದಲು ಕತ್ತರಿಸಿಕೊಳ್ಳುತ್ತಿದ್ದ ಅಂಗಡಿಯ ಹೆಸರೂ ಹೈಟೆಕ್ ಆಗಿತ್ತು. ನಾನೂ ಒಂದು ಥರದ ಹೈಟೆಕ್ಕೇ. ಧಾರವಾಡದಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿದವನು, ಅಮೀರ್‌ಪೇಟೆಯಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ, ಕೊಂಡಾಪುರದ ಗಾಜಿನ ಕಟ್ಟಡವೊಂದರಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಪ್ರಯೋಗಶಾಲೆಯಿಂದ ನನ್ನೊಂದಿಗೆ ಬಂದದ್ದು ಎರಡೇ: ಅಂಗಿಯ ಮೇಲೊಂದು ಆಮ್ಲದ ತೂತು, ಮತ್ತು ಯಾರು ಏನು ಹೇಳಿದರೂ "ಪುರಾವೆ ಏನು?" ಎಂದು ಕೇಳುವ ಅಭ್ಯಾಸ.

ಬಾಡಿಗೆಗೆ ಇದ್ದದ್ದು ಮಾತ್ರ ಊರಿನ ಇನ್ನೊಂದು ತುದಿ ಮಲ್ಕಾಜ್‌ಗಿರಿಯಲ್ಲಿ. ಎರಡು ಬಸ್ಸು ಬದಲಿಸಿ ದಿನಾ ಒದ್ದಾಡುತ್ತಿದ್ದೆ. ಕೊಂಡಾಪುರದಲ್ಲೇ ರೂಮು ಮಾಡಬಾರದೇ ಎಂದು ಎಲ್ಲರೂ ಕೇಳುತ್ತಿದ್ದರು. ಕೊಂಡಾಪುರದಲ್ಲಿ ರೂಮಿತ್ತು, ಜೋಳದ ರೊಟ್ಟಿ ಇರಲಿಲ್ಲ. ಹೊರಗೆಲ್ಲ ತೆಲುಗು, ಹಿಂದಿ ಮಾತಾಡಿ ದವಡೆ ನೋಯುವ ಹೊತ್ತಿಗೆ, ಗೇಟು ತೆಗೆದ ಕೂಡಲೇ "ಉಂಡೀದೇನೋ ಇಂಜಿನೀರ?" ಎಂದು ಕೇಳುವ ಶರಣಮ್ಮ ಕಾಕುವಿನ ಮನೆ ಅದು. ನಾನು ಇಂಜಿನಿಯರ್ ಅಲ್ಲ ಎಂದು ಹಲವು ಸಲ ಹೇಳಿದ್ದೆ. ಅದನ್ನು ಅವರು ವಿನಯವೆಂದು ತಿಳಿದುಕೊಂಡಿದ್ದರು.

ಕಾಕು ಕಲಬುರಗಿ ಕಡೆಯವರು. ಶಹಾಬಾದಿನ ಹತ್ತಿರ, ಕಾಗಿಣಾ ಹೊಳೆಯ ದಂಡೆಯ ಹಳ್ಳಿ ಅವರ ತವರು. ಅವರ ಯಜಮಾನರು, ಅಂದರೆ ನಮ್ಮ ಕಾಕಾ, ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಮನೆಯಲ್ಲಿ ಕುಳಿತಲ್ಲೇ ದೂರದ ಸೀಟಿ ಕೇಳಿ, ಯಾವ ಗಾಡಿ, ಎಷ್ಟು ಲೇಟು ಎಂದು ಹೇಳುತ್ತಿದ್ದರು. ಒಮ್ಮೆ ನಾನು ಸ್ಟೇಷನ್ನಿಗೆ ಹೋಗಿ ತಾಳೆ ನೋಡಿ ಬಂದಿದ್ದೆ. ಸರಿಯಾಗಿಯೇ ಹೇಳಿದ್ದರು. ತಾಳೆ ನೋಡಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ಪ್ರಯಾಣಕ್ಕೆ ಬರುತ್ತೇನೆ. ಆಫೀಸಿನಲ್ಲಿ ಹನ್ನೊಂದು ಜನ ಸೇರಿ ವಿಶಾಖಪಟ್ಟಣಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ದಿನಕ್ಕೆ ಇಪ್ಪತ್ತು ಮೇಲ್ ಓಡಾಡಿದವು. ಆಮೇಲೆ ಒಬ್ಬನಿಗೆ ಕ್ಲೈಂಟ್ ಕಾಲ್ ಬಂತು, ಒಬ್ಬಳ ಅಕ್ಕನಿಗೆ ಹೆರಿಗೆ ಬಂತು, ಒಬ್ಬನಿಗೆ ಬರೀ ಸೋಮಾರಿತನ ಬಂತು. ಕೊನೆಗೆ ನಾನೊಬ್ಬನೇ ಉಳಿದೆ. ಸಿಟ್ಟಿನ ಭರದಲ್ಲಿ, ನಾನು ಒಬ್ಬನೇ ಹೋಗುತ್ತೇನೆ ಎಂದು ಎಲ್ಲರಿಗೂ ಬರೆದುಬಿಟ್ಟೆ. ಬರೆದ ಮೇಲೆ ಹೋಗದೆ ವಿಧಿಯಿರಲಿಲ್ಲ. ಇಪ್ಪತ್ತಾರು ವರ್ಷವಾಗಿತ್ತು, ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಗದಗಿನವನಿಗೆ ಅದರಲ್ಲಿ ನಾಚಿಕೆಯೇನೂ ಇಲ್ಲ, ಬಿಡಿ.

ನಮ್ಮ ಜನ ಆಗ ಒಂಟಿಯಾಗಿ ಊರಿಗೆ ಹೊರಡುತ್ತಿದ್ದದ್ದು ಪರೀಕ್ಷೆಗೆ, ಇಂಟರ್‌ವ್ಯೂಗೆ, ಇಲ್ಲವೇ ಯಾರಾದರೂ ಸತ್ತರೆ ಮಣ್ಣಿಗೆ. ಸುಮ್ಮನೆ ಸಮುದ್ರ ನೋಡಿ ಬರಲು ಒಬ್ಬನೇ ಹೋಗುತ್ತೇನೆಂದರೆ ಕಾಕುವಿಗೆ ಅನುಮಾನ ಬಂತು. ಯಾರಾದರೂ ಏನಾದರೂ ಅಂದರೇನು, ಯಾವುದಾದರೂ ಹುಡುಗಿ ಬೇಡವೆಂದಳೇನು, ಎಂದು ರೊಟ್ಟಿ ತಟ್ಟುತ್ತಲೇ ಮೂರು ಸಲ ಸುತ್ತಿ ಬಳಸಿ ಕೇಳಿದರು. ಮಾರನೆಯ ದಿನ ನಾನು ಹೊರಟು ನಿಂತಾಗ ಬುತ್ತಿ ಗಂಟಿನ ಮೇಲೆ ಒಂದು ಕಲ್ಲು ಇಟ್ಟುಕೊಂಡು ಬಂದರು.

ಆ ಕಲ್ಲು ನನಗೆ ಗೊತ್ತಿತ್ತು. ಹೆಚ್ಚುಕಡಿಮೆ ಹಂಸದ ಮೊಟ್ಟೆಯಷ್ಟು ದೊಡ್ಡದು, ಬೂದು ಬಣ್ಣ, ಹೊಳೆಯಲ್ಲಿ ಉರುಳಿ ನುಣುಪಾದದ್ದು. (ಹಂಸದ ಮೊಟ್ಟೆ ನಾನು ನೋಡಿಲ್ಲ. ಯಾಕೆ ಹಾಗೆ ಬರೆದೆನೋ. ದೊಡ್ಡ ಬಟಾಟೆಯಷ್ಟು ಎಂದಿಟ್ಟುಕೊಳ್ಳಿ.) ಬಾಗಿಲ ಪಕ್ಕದ ಗೂಡಿನಲ್ಲಿ ಇರುತ್ತಿತ್ತು. ದೇವರ ಕಲ್ಲಲ್ಲ, ಕೆಲಸದ ಕಲ್ಲು. ಬೆಳ್ಳುಳ್ಳಿ ಜಜ್ಜಲು, ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರಲು, ಒಂದೆರಡು ಸಲ ಬೆಕ್ಕಿನ ಕಡೆ ತೋರಿಸಲು. ಆದರೆ ಪ್ರಯಾಣ ಬಂದರೆ ಅದಕ್ಕೆ ಬೇರೆ ಹುದ್ದೆ. ಮೂರು ಜನ ಹೊರಟರೆ ಒಳ್ಳೆಯದಲ್ಲವೆಂದು ನಾಲ್ಕನೆಯದಾಗಿ ಒಂದು ಕಲ್ಲು ಇಟ್ಟುಕೊಳ್ಳುವ ಪದ್ಧತಿ ನಿಮಗೂ ಗೊತ್ತಿರಬಹುದು. ಮದುವೆಯಾಗಿ ಕಾಕು ತವರಿನಿಂದ ಹೊರಟ ದಿನ ರೈಲಿನಲ್ಲಿ ಇದ್ದದ್ದು ಮೂವರು: ಕಾಕು, ಕಾಕಾ, ಕಾಕಾನ ತಂದೆ. ಅದಕ್ಕೇ ಅವರ ಅವ್ವ ಹೊಳೆಗೆ ಹೋಗಿ ಒಂದು ಕಲ್ಲು ಆರಿಸಿ ತಂದು ಮಗಳ ಮಡಿಲಿಗೆ ಹಾಕಿದ್ದರು. ಅಂದಿನಿಂದ ಅದು ಈ ಮನೆಯ ಖಾಯಂ ಪ್ರಯಾಣಿಕ.

"ಒಬ್ಬನ ಹೋಗಬ್ಯಾಡ. ಇದು ಬರ್ತದ," ಎಂದರು ಕಾಕು.

"ಮೂರು ಮಂದಿ ಇದ್ರ ಅಲ್ರೀ ಕಲ್ಲು? ನಾ ಒಬ್ಬನೇ ಅದೀನಿ."

"ಮೂವರು ಇದ್ದಾಗ ಬೇಕಾದ್ದು ಒಬ್ಬ ಇದ್ದಾಗ ಬ್ಯಾಡೇನು? ಲೆಕ್ಕ ಓದಿದವನು ನೀ."

"ಕಲ್ಲು ಜೊತಿಗೆ ಬಂದ್ರ ಏನಾಕ್ಕೈತ್ರೀ ಕಾಕು?"

"ಏನೂ ಆಗಬಾರದು ಅಂತನೇ ಕೊಡ್ಲತ್ತೀನಿ."

ಕಲ್ಲನ್ನು ನನ್ನ ಬ್ಯಾಗಿನೊಳಗೆ ಇಡುತ್ತ ಕಾಕು ದನಿ ತಗ್ಗಿಸಿದರು. "ಮೂವತ್ತು ವರ್ಷ ರೈಲ್ವೆ ಪಾಸಿತ್ತು ಮನ್ಯಾಗ. ಒಂದು ವರ್ಷ ಅತ್ತಿಗಿ ಹುಷಾರಿಲ್ಲ, ಒಂದು ವರ್ಷ ಮಗನ ಪರೀಕ್ಷಾ, ಈಗ ಮೊಣಕಾಲು. ನಾ ಅಂತೂ ಸಮುದ್ರ ನೋಡಲಿಲ್ಲ. ಇದಾದ್ರೂ ನೋಡಿ ಬರ್ಲಿ. ನೀರಾಗ ಒಂದು ಸಲ ಮುಳುಗಿಸಿ ತಗೊಂಡು ಬಾ. ಮರೀಬ್ಯಾಡ."

ಕಾಕಾ ಪೇಪರನ್ನು ಮುಖದ ಮುಂದೆ ಇನ್ನಷ್ಟು ಎತ್ತಿ ಹಿಡಿದರು. ಪೇಪರಿನ ಹಿಂದಿನಿಂದ, ಪಾಸು ಇತ್ತು, ಪುರುಸೊತ್ತು ಇರಲಿಲ್ಲ ಎಂಬರ್ಥದ ಒಂದು ಗೊಣಗಾಟ ಬಂತು.

ಹೀಗೆ ನಾನು, ಮೂಢನಂಬಿಕೆಯ ವಿರುದ್ಧ ಕಾಲೇಜಿನಲ್ಲಿ ಎರಡು ಸಲ ಭಾಷಣ ಮಾಡಿ ಸ್ಟೀಲ್ ಲೋಟ ಗೆದ್ದವನು, ಒಂದು ಕಲ್ಲಿನ ಜೊತೆ ಸಮುದ್ರಕ್ಕೆ ಹೊರಟೆ.

ವಿಶಾಖಪಟ್ಟಣದಲ್ಲಿ ಇಳಿದಾಗ ಬೆಳಗಿನ ಬಿಸಿಲು ಹೊಸದಾಗಿ ಉಜ್ಜಿದ ಹಿತ್ತಾಳೆಯ ಹಾಗಿತ್ತು. ಎಲ್ಲ ರಸ್ತೆಗಳೂ ಒಂದೇ ಕಡೆಗೆ ಇಳಿಜಾರಾಗಿ ಹೋಗುತ್ತವೆ ಎನಿಸಿತು. ಹಾಗೇ ಇಳಿಯುತ್ತ ಹೋದರೆ ಕೊನೆಯಲ್ಲಿ ರಸ್ತೆಗೆ ಅಡ್ಡವಾಗಿ ಒಂದು ನೀಲಿ ಗೋಡೆ. ಅದು ಗೋಡೆಯಲ್ಲ, ಸಮುದ್ರ ಎಂದು ತಿಳಿಯಲು ನನಗೆ ಎರಡು ಗಳಿಗೆ ಬೇಕಾಯಿತು. ಸಮುದ್ರ ಕೆಳಗೆ ಇರುತ್ತದೆಂದು ಅಂದುಕೊಂಡಿದ್ದೆ, ಅದು ಎದುರಿಗೆ ನಿಂತಿತ್ತು.

ದಂಡೆಯ ಹತ್ತಿರದ ಲಾಡ್ಜಿನಲ್ಲಿ ಮಾತ್ರ ರೂಮು ಕೊಡಲಿಲ್ಲ. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಮ್ಯಾನೇಜರ್ ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ. "ಒಕ್ಕರೇನಾ?" ಎಂದು ಕೇಳಿದ. ಹೌದು, ಒಬ್ಬನೇ ಎಂದೆ. ಹಾಗಾದರೆ ರೂಮಿಲ್ಲ ಎಂದ. ನಾನು ನಾಗರಿಕ ಹಕ್ಕುಗಳ ಬಗ್ಗೆ ನನ್ನ ಅಮೀರ್‌ಪೇಟೆ ತೆಲುಗಿನಲ್ಲಿ ಮಾತಾಡತೊಡಗಿದೆ. ಅವನು ತಾಳ್ಮೆಯಿಂದ ಕೇಳಿ, ಐಡಿ ಕಾರ್ಡ್ ಆದರೂ ತೋರಿಸಿ ಎಂದ. ಅದು ಬ್ಯಾಗಿನ ತಳದಲ್ಲಿತ್ತು. ತೆಗೆಯಲು ಮೇಲಿನ ಸಾಮಾನನ್ನೆಲ್ಲ ಅವನ ಮೇಜಿನ ಮೇಲೆ ಸುರಿದೆ. ಟವೆಲು, ನಾಲ್ಕು ಜನಕ್ಕಾಗುವಷ್ಟು ರೊಟ್ಟಿ, ಹಿಂಡಿಯ ಪೊಟ್ಟಣ, ಕಲ್ಲು.

ಅವನು ಕನ್ನಡಕ ಇಳಿಸಿ ಕಲ್ಲನ್ನು ನೋಡಿದ. ಇದೇನು ಎಂದ. ಪೇಪರ್ ವೇಟ್ ಎಂದೆ. ಪೇಪರ್ ಎಲ್ಲಿ ಎಂದ. ಮನೆಯಿಂದ ಕೊಟ್ಟು ಕಳಿಸಿದ್ದು, ವಾಪಸು ಒಯ್ಯಬೇಕು ಎಂದೆ. ಆಮೇಲೆ ಅವನು ಬೇರೆ ದನಿಯಲ್ಲಿ, ಮನೆಯಲ್ಲಿ ಯಾರು ಕೊಟ್ಟು ಕಳಿಸಿದರು, ಅವರ ನಂಬರ್ ಕೊಡಿ ಎಂದು ಮಲ್ಕಾಜ್‌ಗಿರಿಗೆ ಫೋನ್ ಹಚ್ಚಿದ. ಕಲಬುರಗಿಯ ರಾಗದಲ್ಲಿ ಕಾಕು ಆಡುತ್ತಿದ್ದ ತೆಲುಗು ರಿಸೀವರಿನಿಂದ ಹೊರಗೆ ಸೋರಿ ಇಡೀ ವರಾಂಡ ತುಂಬಿತು. ಫೋನ್ ಇಟ್ಟು ಅವನು ನಕ್ಕ. ಹುಡುಗ ಹೇಗಿದ್ದಾನೆ ಎಂದು ಆಯಮ್ಮ ಕೇಳಲಿಲ್ಲವಂತೆ, ಕಲ್ಲು ಇದೆಯೇ ಎಂದು ಕೇಳಿದರಂತೆ. ಒಂಟಿಯಾಗಿ ಸಮುದ್ರಕ್ಕೆ ಬರುವವರನ್ನು ಕಂಡರೆ ತನಗೆ ಹೆದರಿಕೆಯೆಂದೂ, ಕಲ್ಲು ವಾಪಸು ತರಬೇಕೆಂದು ಹೇಳಿಸಿಕೊಂಡು ಬಂದವನಿಗೆ ರೂಮು ಕೊಡಲು ಅಡ್ಡಿಯಿಲ್ಲವೆಂದೂ ಹೇಳಿದ. ರಿಜಿಸ್ಟರಿನಲ್ಲಿ 'ಎಷ್ಟು ಜನ' ಎಂಬ ಕಡೆ ಅವನು ಎರಡು ಎಂದು ಬರೆದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಅದನ್ನು ನಂಬುವುದಿಲ್ಲ. ಅಷ್ಟು ಚೆನ್ನಾಗಿರುವುದನ್ನು ಯಾರೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ.

ಒಂಟಿ ಪ್ರಯಾಣದ ಬಗ್ಗೆ ಆ ದಿನ ನಾನು ಕಲಿತದ್ದು ಇಷ್ಟು: ಒಂಟಿಯಾಗಿ ಬಂದವನ ಮುಖ್ಯ ಕೆಲಸ ಬೇರೆಯವರ ಸಂಸಾರದ ಫೋಟೋ ತೆಗೆಯುವುದು. ಮಧ್ಯಾಹ್ನದೊಳಗೆ ಏಳು ಕುಟುಂಬಗಳು ನನ್ನ ಕೈಗೆ ಕ್ಯಾಮೆರಾ ಕೊಟ್ಟವು. ಮಿಕ್ಕ ಹೊತ್ತಿನಲ್ಲಿ ನಾನು ದಂಡೆಯ ಕಟ್ಟೆಯ ಮೇಲೆ ಕುಳಿತು, ಉಣ್ಣುವಾಗ ಪಕ್ಕದಲ್ಲಿರಲಿ ಎಂದು ಕಾಕು ಹೇಳಿದ್ದರಿಂದ ಕಲ್ಲನ್ನು ಬಾಜೂಕ ಇಟ್ಟುಕೊಂಡು ರೊಟ್ಟಿ ತಿಂದೆ. ಮೊದಮೊದಲು ಕರವಸ್ತ್ರ ಮುಚ್ಚಿದ್ದೆ. ಆಮೇಲೆ ಮುಚ್ಚಲಿಲ್ಲ. ಒಂದು ಹೊತ್ತಿನಲ್ಲಿ, "ನೋಡಿದ್ಯಾ, ಎಷ್ಟು ದೊಡ್ಡದೈತಿ" ಎಂದು ನಾನು ಜೋರಾಗಿ ಹೇಳಿದ್ದು ನಿಜ. ಯಾರಿಗೆ ಹೇಳಿದೆ ಎಂದು ದಯವಿಟ್ಟು ಕೇಳಬೇಡಿ.

ಸಂಜೆ ಕಟ್ಟೆಯ ಪಕ್ಕದಲ್ಲಿ ಹಳದಿ ಸೀರೆಯ ಹೆಂಗಸೊಬ್ಬಳು ಕೆಂಡದ ಮೇಲೆ ಮೆಕ್ಕೆಜೋಳದ ತೆನೆ ಸುಡುತ್ತಿದ್ದಳು. ಸುಟ್ಟ ತೆನೆಗೆ ಉಪ್ಪುಖಾರ ಅದ್ದಿದ ನಿಂಬೆ ಹೋಳನ್ನು ತಿಕ್ಕಿ ಕೊಡುತ್ತಿದ್ದಳು. ಗಾಳಿಗೆ ಅವಳ ಕಾಗದಗಳು ಹಾರುತ್ತಿದ್ದವು. ನನ್ನನ್ನು ಕೇಳದೆಯೇ ಕೈಚಾಚಿ ನನ್ನ ಕಲ್ಲನ್ನೆತ್ತಿ ಕಾಗದದ ಮೇಲೆ ಇಟ್ಟುಕೊಂಡಳು. ಕೊನೆಗೂ ಅದು ಪೇಪರ್ ವೇಟ್ ಆಯಿತು. ನಾನು ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ನೋಡಲು ಕಾಯುತ್ತಿದ್ದೆ. ಕತ್ತಲಾಗುತ್ತ ಬಂತು, ಸೂರ್ಯ ಬರಲಿಲ್ಲ. ತಿರುಗಿ ನೋಡಿದರೆ ಬೆನ್ನ ಹಿಂದೆ, ಊರಿನ ಕಟ್ಟಡಗಳ ಆಚೆಗೆ ಮುಳುಗಿಯಾಗಿತ್ತು. ಪೂರ್ವ ಕರಾವಳಿಯಲ್ಲಿ ಸೂರ್ಯ ಸಮುದ್ರದಿಂದ ಹುಟ್ಟುತ್ತಾನೆಯೇ ಹೊರತು ಸಮುದ್ರದಲ್ಲಿ ಮುಳುಗುವುದಿಲ್ಲ ಎಂಬುದು ಸ್ನಾತಕೋತ್ತರ ಪದವೀಧರನಿಗೆ ಹೊಳೆದಿರಲಿಲ್ಲ. ಈ ನೆನಪು ಮಾತ್ರ ಖಂಡಿತ ನಿಜ. ಯಾರೂ ತಮ್ಮ ದಡ್ಡತನವನ್ನು ಸುಮ್ಮನೆ ಸೃಷ್ಟಿಸಿಕೊಳ್ಳುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಹೊರಡುವ ಮುಂಚೆ, ಕಲ್ಲನ್ನು ಮುಳುಗಿಸಲು ನೀರಿಗಿಳಿದೆ. ಬಂಡೆಗಳಿದ್ದ ಜಾಗ, ಬಂಡೆಗಳ ಸಂದಿಯಲ್ಲಿ ದುಂಡನೆಯ ಕಲ್ಲುಗಳೂ ಇದ್ದವು. ಬಗ್ಗಿ ಕಲ್ಲನ್ನು ನೀರಿಗೆ ಹಿಡಿದೆ. ಒಂದು ತೆರೆ ಬಂತು. ದೊಡ್ಡದೇನಲ್ಲ, ಆದರೆ ನಾನು ಗದಗಿನವನು. ಕನ್ನಡಕಕ್ಕೆ ಉಪ್ಪು ನೀರು ಬಡಿದು ಲೋಕವೆಲ್ಲ ಹಾಲಿನಂತಾಯಿತು, ಕಾಲ ಕೆಳಗಿನ ಮರಳು ಸರಿಯಿತು, ಕುಸಿದು ಕುಳಿತೆ. ಎದ್ದಾಗ ಕೈಯಲ್ಲಿ ಕಲ್ಲಿರಲಿಲ್ಲ.

ಇಲ್ಲಿಂದ ಆ ಐದು ನಿಮಿಷ.

ಒಂದು ನೆನಪಿನಲ್ಲಿ, ನಾನು ನೊರೆಯಲ್ಲಿ ಕೈಯಾಡಿಸಿ ಆಡಿಸಿ ಸೋತು, ಬಂಡೆಗಳ ನಡುವಿನಿಂದ ಅದೇ ಅಳತೆಯ ಒಂದು ಕಲ್ಲನ್ನು ಎತ್ತಿಕೊಳ್ಳುತ್ತೇನೆ. ತುಸು ಕಪ್ಪು ಎನಿಸುತ್ತದೆ, ಒದ್ದೆಯಾಗಿದೆಯಲ್ಲ, ಒಣಗಿದರೆ ಸರಿಹೋಗುತ್ತದೆ ಎಂದುಕೊಂಡು ಟವೆಲಿನಲ್ಲಿ ಸುತ್ತುತ್ತೇನೆ. ಇನ್ನೊಂದು ನೆನಪಿನಲ್ಲಿ, ಜೋಳ ಸುಡುವ ಹೆಂಗಸು ಬುಟ್ಟಿಯನ್ನು ದಂಡೆಯಲ್ಲಿಟ್ಟು ನೀರಿಗೆ ಬಂದು, ಮರಳಿನಲ್ಲಿ ಯಾವುದನ್ನೋ ಪಾದದಿಂದ ಒತ್ತಿ ಹಿಡಿದು, ಬಗ್ಗಿ ಎತ್ತಿ ಕೊಡುತ್ತಾಳೆ. "ಇದಿಗೋ, ನೀ ರಾಯಿ" ಎನ್ನುತ್ತಾಳೆ. ಇಗೋ, ನಿನ್ನ ಕಲ್ಲು. ಇದೇ ನಿಜವಾಗಲಿ ಎಂದು ನನ್ನ ಆಸೆ. ಆದರೆ ಇದರಲ್ಲಿ ಅವಳು ಹಳದಿ ಸೀರೆಯಲ್ಲಿದ್ದಾಳೆ. ಹಳದಿ ಸೀರೆ ಹಿಂದಿನ ಸಂಜೆಯದು. ಬೆಳಿಗ್ಗೆ ಏಳೂವರೆಗೆ ಅವಳು ಅಲ್ಲಿಗೆ ಯಾಕೆ ಬರುತ್ತಾಳೆ? ತಪ್ಪಿತಸ್ಥ ಮನಸ್ಸು ಹಿಂದಿನ ದಿನದ ಹೆಂಗಸನ್ನು ಕತ್ತರಿಸಿ ಇಲ್ಲಿ ಅಂಟಿಸಿದೆ ಎಂದು ಅಂದಾಜು.

ಮನೆಗೆ ಬಂದಾಗ ಕಾಕು ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಂದು ಕ್ಷಣ ನನಗೆ ಬೆನ್ನು ಮಾಡಿ ಅಡುಗೆಮನೆಯ ಕಡೆ ತಿರುಗಿ ನಿಂತರು. ಆಮೇಲೆ "ಚಲೋ ಆತು" ಎಂದು ಗೂಡಿನಲ್ಲಿಟ್ಟರು. ಅಂದಿನಿಂದ ಬೆಳ್ಳುಳ್ಳಿ ಜಜ್ಜಲು ಬೇರೆ ಕಲ್ಲು ಬಂತು. ಬಂದವರಿಗೆಲ್ಲ ಇದನ್ನು ತೋರಿಸಿ, ಸಮುದ್ರ ನೋಡಿ ಬಂದದ ಎಂದು ಹೇಳತೊಡಗಿದರು. ನಾನು ಅಲ್ಲಿ ನಿಲ್ಲುತ್ತಿರಲಿಲ್ಲ.

ಇನ್ನು ನನ್ನ ಅಪರಾಧದ ಭಾಗ. ವರ್ಷಗಳು ಕಳೆದವು. ಮದುವೆಯಾಯಿತು, ಕೊಂಡಾಪುರಕ್ಕೆ ಬಂದೆ. ಕೊಂಡಾಪುರದಲ್ಲೂ ರೊಟ್ಟಿ ಸಿಗತೊಡಗಿತು. ಅಲ್ಲಿನ ಪಾರ್ಟಿಗಳಲ್ಲಿ ನಾನು ಈ ಕಥೆ ಹೇಳತೊಡಗಿದೆ, ಮೊದಲನೆಯ ನೆನಪನ್ನು ಮಾತ್ರ. ನಂಬಿಕೆಗೆ ಪುರಾವೆ ಬೇಕಿಲ್ಲ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆಯಾಗಿತ್ತು. ಜನ ನಗುತ್ತಿದ್ದರು. ನಕ್ಕಷ್ಟೂ ಕಥೆ ಬೆಳೆಯಿತು. ಮೊದಲು ಬದಲಿ ಕಲ್ಲು ತುಸು ಕಪ್ಪಾಗಿತ್ತು, ನಂತರ ಅರ್ಧದಷ್ಟು ಚಿಕ್ಕದಾಯಿತು, ಕೊನೆಯ ಸಲ ಹೇಳಿದಾಗ ಅದು ಇಟ್ಟಿಗೆಯ ಚೂರಾಗಿತ್ತು. ಇಟ್ಟಿಗೆಯಾದ ದಿನ ಮನೆಗೆ ಬಂದು ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಇಷ್ಟು ಸಲ ಹೇಳಿದ್ದರಿಂದಲೇ ಮೊದಲನೆಯ ನೆನಪು ಇಷ್ಟು ಗಟ್ಟಿಯಾಯಿತೋ, ನಡೆದದ್ದೇ ಅದಾಗಿದ್ದರಿಂದಲೋ ನನಗೆ ತಿಳಿಯದಾಗಿತ್ತು.

ಫೋನ್ ಬಂದ ಭಾನುವಾರವೇ ಮಲ್ಕಾಜ್‌ಗಿರಿಗೆ ಹೋದೆ. ಹೇಳಿಬಿಡಬೇಕೆಂದು ನಿರ್ಧರಿಸಿದ್ದೆ. ಮುದುಕಿಯ ಮನಸ್ಸು ನೋಯಬಹುದು, ಇಪ್ಪತ್ತು ವರ್ಷದ ಹಿಂಡಿಯ ಸಂಬಂಧ ಹೋಗಬಹುದು. ಆದರೆ ಒಂಟಿಯಾಗಿ ಹೊರಟ ಹುಡುಗಿಯ ಕೈಗೆ ನನ್ನ ಸುಳ್ಳನ್ನು ಜೊತೆ ಮಾಡಿ ಕಳಿಸಲಾರೆ. ಕಲ್ಲನ್ನು ನಾನು ನಂಬುವುದಿಲ್ಲ, ನಿಜ. ಕಾಕು ನನ್ನನ್ನು ನಂಬಿದ್ದರಲ್ಲ.

ಕಾಕು ಕುರ್ಚಿಯಲ್ಲಿ ಕುಳಿತಿದ್ದರು, ಎದ್ದು ನಿಲ್ಲಲು ಈಗ ಎರಡು ಪ್ರಯತ್ನ ಬೇಕು. ಕಾಕಾನ ಕಿವಿ ಮಂದವಾಗಿದೆ, ಆದರೂ ಗಾಡಿಯ ಸೀಟಿಗೆ ತಲೆಯೆತ್ತುತ್ತಾರೆ. ಭೂಮಿಕಾ ಸೂಟ್‌ಕೇಸಿನ ಮೇಲೆ ಕುಳಿತು ಜಿಪ್ ಎಳೆಯುತ್ತಿದ್ದಳು. ಕಲ್ಲನ್ನು ನೋಡಿ, "ಲೈಟ್ ತಗೋ ಅಜ್ಜಿ, ಫೋನಿನಾಗ ಲೊಕೇಶನ್ ಅದ" ಎಂದಳು. ತಲೆ ಕೆಡಿಸಿಕೊಳ್ಳಬೇಡ ಎಂಬುದನ್ನು ಇಲ್ಲಿನ ಹುಡುಗರು ಹೇಳುವುದು ಹೀಗೆ. ಅಜ್ಜಿ ಲೈಟಾಗಿ ತೆಗೆದುಕೊಳ್ಳುವ ಹಾಗೆ ಕಾಣಲಿಲ್ಲ. ಕಾಕು ನನಗೆ ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸ್ಲಾದ ತಟ್ಟೆ ಕೊಡಿಸಿದರು, ಮೇಲೊಂದು ನಿಂಬೆ ಹೋಳು ಇತ್ತು.

ತಟ್ಟೆ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ತೆರೆ, ಕನ್ನಡಕ, ಎರಡು ನೆನಪು, ಪಾರ್ಟಿಗಳು, ಇಟ್ಟಿಗೆ ಚೂರು ಸಹ. ಭೂಮಿಕಾ ಜಿಪ್ ಎಳೆಯುವುದನ್ನು ನಿಲ್ಲಿಸಿದಳು.

"ನಲವತ್ತು ವರ್ಷ ಇದರಿಂದ ಬೆಳ್ಳುಳ್ಳಿ ಜಜ್ಜೀನಿ," ಎಂದರು ಕಾಕು. "ನನ್ನ ಕಲ್ಲು ನನಗ ಗೊತ್ತಾಗಲ್ಲೇನೋ ಹುಚ್ಚಪ್ಪ? ಕಲ್ಲಿನ ಮ್ಯಾಲ ಅನುಮಾನ ಇರ್ಲಿಲ್ಲ ನನಗ. ನಿನ್ನ ಮ್ಯಾಲಿತ್ತು."

"ನನ್ನ ಮ್ಯಾಲ ಏನ್ರೀ?"

"ನೀ ಅದನ್ನ ರೂಮಿನಾಗೇ ಬಿಟ್ಟು ತಿರುಗಾಡಿ ಬಂದಿರ್ತಿ ಅಂತ. ದೇವರು ದಿಂಡರು ಅಂದ್ರ ಮೂಗು ಮುರಿಯವ ನೀ. ಅದಕ್ಕ ತಂದ ಕೂಡ್ಲೇ ಆ ಕಡಿ ತಿರುಗಿ ನೆಕ್ಕಿ ನೋಡೀನಿ."

"ನೆಕ್ಕಿ?"

"ಉಪ್ಪು ಹತ್ತಿತು. ಆವಾಗ ಚಲೋ ಆತು ಅಂದೆ."

ಆ ಬೆನ್ನು ತಿರುಗಿಸಿದ ಕ್ಷಣ! ಇಪ್ಪತ್ತು ವರ್ಷ ನಾನು ಅದನ್ನು ಭಕ್ತಿಯೆಂದು ತಿಳಿದಿದ್ದೆ. ಅದು ಪರೀಕ್ಷೆಯಾಗಿತ್ತು. ಈ ಮನೆಯಲ್ಲಿ ಪುರಾವೆ ಕೇಳಿದವರು ಅವರು, ಕೇಳದೆ ಕಥೆ ಹೇಳಿಕೊಂಡು ತಿರುಗಿದವನು ನಾನು.

ಆದರೂ 'ನನ್ನ ಕಲ್ಲು ನನಗೆ ಗೊತ್ತು' ಎಂಬುದನ್ನು ಪುರಾವೆಯೆಂದು ಒಪ್ಪಲು ನನ್ನಿಂದಾಗಲಿಲ್ಲ. ಕೈಯ ನೆನಪೂ ನೆನಪೇ. ತಟ್ಟೆಯ ಮೇಲಿನ ನಿಂಬೆ ಹೋಳಿನ ಮೇಲೆ ಕಣ್ಣು ಬಿದ್ದದ್ದು ಆಗಲೇ. ಕಾಗಿಣಾ ದಂಡೆಯ ಕಲ್ಲೆಂದರೆ ಸುಣ್ಣದ ಕಲ್ಲು, ನಮ್ಮ ಕಡೆ ಮನೆಮನೆಗೂ ಹಾಸುವ ಶಹಾಬಾದ್ ಫರಸಿಯ ಬಂಧು. ಹುಳಿ ಬಿದ್ದರೆ ನೊರೆ ಬರುತ್ತದೆ. ಇದು ಹೈಸ್ಕೂಲಿನ ಪಾಠ. ಎಂ.ಎಸ್ಸಿಯವನಿಗೆ ಹೊಳೆಯಲು ಇಪ್ಪತ್ತು ವರ್ಷ ಬೇಕಾಯಿತು. ಕಲ್ಲನ್ನು ತೆಗೆದುಕೊಂಡು ಚಮಚದ ತುದಿಯಿಂದ ಒಂದು ಕಡೆ ಗೀರಿ, ನಿಂಬೆ ಹಿಂಡಿದೆ. ಗೀರಿದ ಜಾಗದಲ್ಲಿ ಬಿಳಿಯ ಸಣ್ಣ ಗುಳ್ಳೆಗಳು ಎದ್ದವು. ಕಿವಿಗೆ ಹಿಡಿದರೆ ಚರಚರ ಸದ್ದು ಕೇಳಿತು, ಅಥವಾ ಕೇಳಿದಂತಾಯಿತು.

"ಯಾಕೋ, ಹುಳಿನೀರಿನಾಗ ಸ್ನಾನ ಮಾಡಸ್ಲತ್ತಿ ಅದಕ್ಕ?" ಎಂದರು ಕಾಕು.

ವಿವರಿಸಿದೆ. ಭೂಮಿಕಾ ಎದ್ದು ಬಂದು ಗುಳ್ಳೆಗಳನ್ನು ನೋಡಿದಳು. ಲ್ಯಾಬಿನ ಹುಡುಗಿಯಲ್ಲವೇ, ನನ್ನ ಮುಖ ನೋಡಿ, ಆ ಬೀಚಿನ ಕಲ್ಲಿಗೂ ನೊರೆ ಬಂದರೆ ಏನು ಮಾಡುತ್ತೀರಿ ಮಾಮಾ ಎಂದು ಕೇಳಿದಳು. ಆ ಪ್ರಶ್ನೆ ನಾನೇ ಕೇಳಿಕೊಳ್ಳಲು ಹೆದರಿದ್ದೆ. ಅಲ್ಲಿ ಹೋಗಿ ನೋಡಿ ಹೇಳುತ್ತೇನೆ ಎಂದು ಅವಳೇ ಕಲ್ಲನ್ನು ದುಪಟ್ಟಾದ ತುದಿಯಿಂದ ಒರೆಸಿ, ಫೋನಿನ ಪಕ್ಕದಲ್ಲೇ ಕೈಚೀಲಕ್ಕೆ ಹಾಕಿಕೊಂಡಳು. ಲೈಟ್ ತಗೋ ಎನ್ನಲಿಲ್ಲ.

ಕಾಕು ಅವಳ ಚೀಲವನ್ನೇ ನೋಡುತ್ತಿದ್ದರು. "ಕಲ್ಲು ಸಮುದ್ರಕ್ಕ ಎರಡನೇ ಸಲ ಹೊಂಟದ," ಎಂದರು, ಕಾಕಾನ ಕಿವಿಗೆ ಕೇಳುವಷ್ಟು ಜೋರಾಗಿ. "ನನ್ನ ಪಾಳಿ ಯಾವಾಗ್ರಿ?"

ಕಾಕಾ ಪೇಪರ್ ಕೆಳಗಿಟ್ಟರು. ನಿವೃತ್ತರಿಗೆ ಸಿಗುವ ಪಾಸು ಹೆಂಡತಿಗೂ ನಡೆಯುತ್ತದೆಂದು, ಯಾವ ಗಾಡಿ, ಯಾವ ಡಬ್ಬಿ ಸ್ಟೇಷನ್ನಿನ ಲಿಫ್ಟಿನ ಹತ್ತಿರ ನಿಲ್ಲುತ್ತದೆಂದು, ಅವರೇ ಹೇಳತೊಡಗಿದರು. ಇಷ್ಟು ವರ್ಷವೂ ಮನಸ್ಸಿನಲ್ಲೇ ಆ ಟೈಂಟೇಬಲ್ ಇಟ್ಟುಕೊಂಡಿದ್ದರೆಂದು ತೋರುತ್ತದೆ. ಕಾಕುವಿನ ಮೊಣಕಾಲಿಗೆ ಹೆಗಲು ಕೊಡಲು ನಾನೂ ಬರುತ್ತೇನೆಂದೆ. ಬರುವ ತಿಂಗಳ ಟಿಕೇಟು ಆಗಿದೆ. ನಾವು ಮೂರು ಜನ.

ಹೌದು, ಮೂರು ಜನ. ಮನೆಯ ಕಲ್ಲು ಆಗಲೇ ಭೂಮಿಕಾಳ ಜೊತೆ ಹೋಗಿದೆ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಹೊಸ ಕಟ್ಟಡ ಏಳುತ್ತಿದೆ, ಅಡಿಪಾಯಕ್ಕೆ ಬಂಡೆ ಒಡೆದ ರಾಶಿ ಅಲ್ಲಿದೆ. ಮೊನ್ನೆ ಸಂಜೆ ವಾಕಿಂಗ್ ನೆಪದಲ್ಲಿ ಹೋಗಿ ಒಂದು ಕಲ್ಲು ಆರಿಸಿಕೊಂಡು ಬಂದೆ. ಬೇಲಿಯ ಆಚೆ ಗಾರೆ ಕಲಸುತ್ತಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ನೋಡಿ, "ಯಾವೂರಿಗಿ ಹೊಂಟೀರಿ ಸಾಹೇಬ್ರ, ಮೂರು ಮಂದಿ?" ಎಂದು ಕೇಳಿದಳು. ನಾನು ಅಲ್ಲಗಳೆಯಲಿಲ್ಲ. ಈಗ ಅದು ನನ್ನ ಮೇಜಿನ ಮೇಲೆ, ಶೇಂಗಾ ಹಿಂಡಿಯ ಡಬ್ಬಿಯ ಪಕ್ಕದಲ್ಲಿದೆ.

ಇದನ್ನು ಬರೆಯುತ್ತಿರುವಾಗ ಭೂಮಿಕಾ ದಂಡೆಯಿಂದ ಫೋನ್ ಮಾಡಿದಳು, ಹಿಂದೆ ಸಮುದ್ರದ ಸದ್ದಿತ್ತು. ಬಂಡೆಗಳ ನಡುವಿನಿಂದ ಬೇರೆ ಬೇರೆ ಥರದ ಐದು ಕಲ್ಲು ಆರಿಸಿ, ಚೂರಿಯಿಂದ ಗೀರಿ, ಜೋಳ ಸುಡುವವರ ಹತ್ತಿರ ನಿಂಬೆ ಹೋಳು ಇಸಿದುಕೊಂಡು ಹಿಂಡಿದ್ದಾಳೆ. ಆರನೆಯದಾಗಿ ಅಜ್ಜಿಯ ಕಲ್ಲಿಗೂ ಹಿಂಡಿದ್ದಾಳೆ. ಹಳದಿ ಸೀರೆಯ ಹೆಂಗಸು ಆ ಬೆಳಿಗ್ಗೆ ನೀರಿಗೆ ಬಂದಿದ್ದಳೋ ಇಲ್ಲವೋ, ಆ ಕಲ್ಲು ನನ್ನ ಕೈಗೆ ಮರಳಿದ್ದು ಹೇಗೋ, ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಐದು ಕಲ್ಲುಗಳಿಗೂ ನೊರೆ ಬರಲಿಲ್ಲ, ಕಾಕುವಿನ ಕಲ್ಲಿಗೆ ಬಂತು.